ಕರಾಟೆ ಕಿಕ್‌ಗಳ ಹೆಸರು ಬಾಯಿಪಾಠ ಮಾಡಿಸಬೇಕಾ, ಅಥವಾ ಅದರಲ್ಲಿ ಏನಾದರೂ ಲೆಕ್ಕ ಇದೆಯಾ?

ಕೊಪ್ಪಳದ_ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರನೇ ಕ್ಲಾಸು. ಕೊಪ್ಪಳದಲ್ಲೇ ಕರಾಟೆಗೆ ಹೋಗುತ್ತಾಳೆ. ಹಸಿರು ಬೆಲ್ಟ್ ಗ್ರೇಡಿಂಗ್, ಅಂದರೆ ಬೆಲ್ಟ್ ಪರೀಕ್ಷೆ, ಹತ್ತಿರ ಬಂತು. ಕ್ಲಾಸಿನಲ್ಲಿ ಒಂದು ಜೆರಾಕ್ಸ್ ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ಕಿಕ್‌ಗಳ ಹೆಸರೇ ಅರ್ಧ ಪುಟ ಇವೆ. ಮಾಎ ಗೆರಿ, ಯೋಕೊ ಗೆರಿ ಕೆಆಗೆ, ಯೋಕೊ ಗೆರಿ ಕೆಕೋಮಿ, ಮವಾಶಿ ಗೆರಿ, ಉಶಿರೊ ಗೆರಿ, ಉರಾ ಮವಾಶಿ ಗೆರಿ, ಮಿಕಾಜುಕಿ ಗೆರಿ... ಹೀಗೆ ಹೋಗುತ್ತದೆ. ಅರ್ಥ ಎಲ್ಲೂ ಬರೆದಿಲ್ಲ.

ಮಗಳು ಕಾಲು ಚೆನ್ನಾಗಿ ಎತ್ತುತ್ತಾಳೆ. ಮಾಡಿ ತೋರಿಸು ಅಂದರೆ ಮಾಡುತ್ತಾಳೆ. ಹೆಸರು ಕೂಗಿದ ತಕ್ಷಣ ಮಾಡು ಅಂದರೆ ಪಕ್ಕದ ಹುಡುಗಿಯನ್ನು ನೋಡುತ್ತಾಳೆ. ನಾನು ಯೂಟ್ಯೂಬಿನಲ್ಲಿ ಹುಡುಕಿದೆ. ಒಂದೇ ಕಿಕ್ಕಿಗೆ ಒಬ್ಬರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು ಹೆಸರು ಹೇಳುತ್ತಾರೆ. ಸುಮ್ನೆ ಬಾಯಿಪಾಠ ಮಾಡಿಸಲಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸಿರುಗುಪ್ಪ_ಸೋನಾ:
ಬಾಯಿಪಾಠ ಮಾಡಿಸಿ ಅಕ್ಕ. ಮಕ್ಕಳು ಮಗ್ಗಿ ಕಲಿತ ಹಾಗೆ ಕಲಿಯುತ್ತಾರೆ.

ಕಂದುಬೆಲ್ಟ್_ಬಳ್ಳಾರಿ:
ಬೇಡ ಅಕ್ಕ. ಬಾಯಿಪಾಠ ಗ್ರೇಡಿಂಗ್ ದಿನ ಕೈ ಕೊಡುತ್ತದೆ. ಅಲ್ಲಿ ಪರೀಕ್ಷಕರು ಹಾಳೆಯಲ್ಲಿದ್ದ ಕ್ರಮದಲ್ಲಿ ಕೇಳುವುದಿಲ್ಲ. ಈ ಹೆಸರುಗಳಲ್ಲಿ ಲೆಕ್ಕ ಇದೆ, ಅದೂ ಬಹಳ ಸರಳ.

ಕೊನೆಯ ಪದ ಹೆಚ್ಚಾಗಿ ಗೆರಿ. ಅಂದರೆ ಒದೆ. ಅದರ ಮುಂಚೆ ಬರುವ ಪದ ಕಾಲು ಯಾವ ಕಡೆ ಹೋಗುತ್ತದೆ ಅಂತ ಹೇಳುತ್ತದೆ. ಮಾಎ ಅಂದರೆ ಮುಂದೆ. ಯೋಕೊ ಅಂದರೆ ಪಕ್ಕ. ಉಶಿರೊ ಅಂದರೆ ಹಿಂದೆ. ಮವಾಶಿ ಅಂದರೆ ಸುತ್ತಿ ಬರುವುದು. ಇಷ್ಟು ಗೊತ್ತಾದರೆ ಹಾಳೆಯ ಮುಕ್ಕಾಲು ಭಾಗ ಮುಗಿಯಿತು.

ಇನ್ನು ಎತ್ತರ. ಜೋದಾನ್ ಅಂದರೆ ಮೇಲಿನ ಮಟ್ಟ, ತಲೆ ಮತ್ತು ಕುತ್ತಿಗೆ. ಚೂದಾನ್ ಅಂದರೆ ನಡು ಮಟ್ಟ, ಎದೆ ಹೊಟ್ಟೆ. ಗೆದಾನ್ ಅಂದರೆ ಕೆಳಗಿನ ಮಟ್ಟ, ಸೊಂಟದಿಂದ ಕೆಳಗೆ. ಇವು ಹೆಸರಿನ ಮುಂದೆ ಸೇರುತ್ತವೆ. ಚೂದಾನ್ ಮಾಎ ಗೆರಿ ಅಂದರೆ ನಡು ಮಟ್ಟಕ್ಕೆ, ಮುಂದಕ್ಕೆ, ಒದೆ. ಪದ ಪದವಾಗಿ ಓದಿ ಹೇಳಿದರೆ ಸಾಕು.

ಹಾಳೆಯನ್ನು ಪಕ್ಕಕ್ಕಿಟ್ಟು ಈ ಎಂಟು ಪದಗಳನ್ನು ಮಾತ್ರ ಕಲಿಸಿ. ಆಮೇಲೆ ನೀವೇ ಬೇರೆ ಬೇರೆ ರೀತಿ ಜೋಡಿಸಿ ಕೂಗಿ. ಜೋದಾನ್ ಮವಾಶಿ ಗೆರಿ, ಚೂದಾನ್ ಉಶಿರೊ ಗೆರಿ. ಅವಳು ಪಕ್ಕಕ್ಕೆ ನೋಡುವುದು ನಿಲ್ಲುತ್ತದೆ.

ಕೊಪ್ಪಳದ_ಅಮ್ಮ:
ಅಯ್ಯೋ, ಇಷ್ಟು ಸುಲಭವಾಗಿ ಯಾರೂ ಹೇಳಿರಲಿಲ್ಲ ತಮ್ಮಾ. ಒಂದು ಸಂದೇಹ. ಗೆದಾನ್‌ನಲ್ಲಿ ಇರುವ ಗೆ, ಗೆರಿಯಲ್ಲಿ ಇರುವ ಗೆ ಒಂದೇನಾ?

ಕಂದುಬೆಲ್ಟ್_ಬಳ್ಳಾರಿ:
ಅಲ್ಲ ಅಕ್ಕ. ಗೆದಾನ್‌ನ ಗೆ ಅಂದರೆ ಕೆಳಗೆ. ದಾನ್ ಅಂದರೆ ಮಟ್ಟ ಅಥವಾ ಹಂತ. ಗೆರಿ ಬೇರೆಯೇ ಪದ. ಅದು ಮೂಲದಲ್ಲಿ ಕೆರಿ. ಒಂಟಿಯಾಗಿ ಹೇಳುವಾಗ ಕೆರಿ, ಬೇರೆ ಪದದ ಹಿಂದೆ ಸೇರಿದಾಗ ಗೆರಿ.

ಕೌಲ್‌ಬಜಾರ್_ಹುಡುಗ:
ಇದೇನಣ್ಣ ಹೊಸದು? ನಾವು ಮೊದಲಿಂದ ಗೆರಿ ಅಂತಲೇ ಕಲಿತಿದ್ದು. ಕೆರಿ ಅಂತ ಯಾರೂ ಹೇಳುವುದನ್ನು ಕೇಳಿಲ್ಲ.

ಮಾನ್ವಿ_ಮೇಷ್ಟ್ರು:
ನಾನು ಕರಾಟೆಯವನಲ್ಲ. ಕನ್ನಡ ಪಾಠ ಮಾಡುವವನು. ಮಗ ಕ್ಲಾಸಿಗೆ ಹೋಗುವುದರಿಂದ ಈ ಚರ್ಚೆ ಓದುತ್ತಿದ್ದೆ. ಕೆರಿ ಹೋಗಿ ಗೆರಿ ಆಗುವುದನ್ನು ನೋಡಿ ಬಹಳ ಖುಷಿಯಾಯಿತು. ಇದು ನಮ್ಮ ಎಂಟನೇ ತರಗತಿ ಮಕ್ಕಳಿಗೂ ಗೊತ್ತಿರುವ ವಿಷಯ. ಆದೇಶ ಸಂಧಿ!

ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿದರೆ ಕಂಬನಿ. ಎರಡನೇ ಪದದ ಮೊದಲಲ್ಲಿರುವ ಕ, ತ, ಪಗಳ ಜಾಗಕ್ಕೆ ಗ, ದ, ಬ ಬರುತ್ತವೆ. ಜಪಾನಿಯಲ್ಲೂ ಇಂಥ ಪದ್ಧತಿ ಇದೆ. ಅದಕ್ಕೆ ರೆಂದಾಕು ಅನ್ನುತ್ತಾರೆ. ಎರಡು ಭಾಷೆಗಳಿಗೆ ನಂಟಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದು ಬೇರೆಯವರಿಗಿಂತ ಸುಲಭ. ಕೆರಿಗೆ ಎಷ್ಟು ಹತ್ತಿರದ ಉದಾಹರಣೆ ಬೇಕು? ಕುಂಬಾರ ಮತ್ತು ಕೇರಿ ಸೇರಿದರೆ ಕುಂಬಾರಗೇರಿ. ಮಾಎ ಮತ್ತು ಕೆರಿ ಸೇರಿದರೆ ಮಾಎ ಗೆರಿ.

ಕೌಲ್‌ಬಜಾರ್_ಹುಡುಗ:
ಕುಂಬಾರಗೇರಿ! ಮೇಷ್ಟ್ರೇ, ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಶಕ್ತಿನಗರ_ರವಿವಾರ:
ಮೇಷ್ಟ್ರು ಹೇಳಿದ್ದು ಬರೀ ಕಿಕ್ಕಿಗಲ್ಲ, ನಿಲುವುಗಳಿಗೂ ಹೊಂದುತ್ತದೆ. ತಚಿ ಅಂದರೆ ನಿಲುವು. ಜೆನ್‌ಕುತ್ಸು ಜೊತೆ ಸೇರಿದರೆ ಜೆನ್‌ಕುತ್ಸು ದಚಿ. ಕಾಲು ಗುಡಿಸಿ ಬೀಳಿಸುವುದು ಅಶಿ ಬರಾಯ್. ಅದರ ಎರಡನೇ ಪದ ಮೂಲದಲ್ಲಿ ಹರಾಯ್. ಗುದ್ದಿಗೆ ತ್ಸುಕಿ ಅನ್ನುತ್ತಾರೆ, ಸೇರಿದಾಗ ಓಇ ಜುಕಿ. ಹಾಳೆಯಲ್ಲಿ ಒಂದೇ ಪದ ಎರಡು ಥರ ಬರೆದಿದ್ದರೆ ಜೆರಾಕ್ಸ್ ತಪ್ಪು ಅಂತ ಅಂದುಕೊಳ್ಳಬೇಡಿ.

ಗಂಗಾವತಿ_ಗ್ರೀನ್‌ಬೆಲ್ಟ್:
ನಮ್ಮ ಮಾಸ್ಟರ್ ಒಂಟಿಯಾಗಿ ಗೆರಿ ಅಂತ ಕೂಗಬೇಡಿ ಅನ್ನುತ್ತಾರೆ. ಜಪಾನಿಯಲ್ಲಿ ಬರೀ ಗೆರಿ ಅಂದರೆ ಭೇದಿಯಂತೆ. ನಿಜಾನಾ?

ಶಕ್ತಿನಗರ_ರವಿವಾರ:
ನಿಜ. ಬರೆಯುವ ಅಕ್ಷರ ಬೇರೆ, ಕೇಳಲು ಒಂದೇ. ಅದಕ್ಕೇ ಒಂಟಿಯಾಗಿ ಹೇಳುವುದಾದರೆ ಕೆರಿ ಅನ್ನಬೇಕು.

ಕುಷ್ಟಗಿ_ಅಪ್ಪ:
ನಮ್ಮ ಮಗನಿಗೆ ಇನ್ನೊಂದು ಗೊಂದಲ. ನಿದಾನ್ ಗೆರಿ ಅಂತ ಕೂಗಿದರೆ ಅವನು ನಿಧಾನವಾಗಿ ಒದೆಯುತ್ತಾನೆ. ಕ್ಲಾಸಿನಲ್ಲಿ ಬೈಸಿಕೊಂಡು ಬಂದ. ಮಗುವಿನ ತಪ್ಪೇನು ಹೇಳಿ? ಯಾರೂ ಅರ್ಥ ಹೇಳಿಕೊಟ್ಟಿಲ್ಲ, ಅವನಿಗೆ ಕನ್ನಡವೇ ಕೇಳಿಸಿದೆ.

ಕಂದುಬೆಲ್ಟ್_ಬಳ್ಳಾರಿ:
ಬೈದದ್ದು ಸರಿಯಲ್ಲ ಅಣ್ಣ. ನಿ ಅಂದರೆ ಎರಡು, ದಾನ್ ಅಂದರೆ ಹಂತ. ಒಂದು ಕಾಲು ಎತ್ತಿ ಒದ್ದು, ನೆಲಕ್ಕೆ ಇಳಿಯುವ ಮೊದಲೇ ಎರಡನೇ ಕಾಲಿನಲ್ಲಿ ಇನ್ನೂ ಎತ್ತರಕ್ಕೆ ಒದೆಯುವ ಜಿಗಿತದ ಕಿಕ್ ಅದು. ಕಾಂಕು ದಾಯ್ ಕಟಾದಲ್ಲಿ ಬರುತ್ತದೆ. ಕಟಾ ಅಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ ಅಭ್ಯಾಸ. ಇಚಿ, ನಿ, ಸಾನ್ ಅಂತ ಎಣಿಸುವುದನ್ನು ಮಗ ದಿನಾ ಮಾಡುತ್ತಾನಲ್ಲ, ಅದೇ ನಿ ಅಂತ ಹೇಳಿಕೊಡಿ.

ಸಿಂಧನೂರು_ಸೆನ್ಸೈ:
ಒಳ್ಳೆಯ ಚರ್ಚೆ. ಆದರೆ ಮೊದಲ ಪೋಸ್ಟಿನ ಮುಖ್ಯ ತೊಡಕು ಹಾಗೇ ಉಳಿದಿದೆ. ಕೆಆಗೆ ಮತ್ತು ಕೆಕೋಮಿ. ಇದನ್ನು ನಾನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಯಾಕೆಂದರೆ ನಮ್ಮ ಭಾಗದಲ್ಲಿ ಕಪ್ಪು ಬೆಲ್ಟಿನವರೂ ಇವೆರಡನ್ನು ಕಲಸಿಬಿಡುತ್ತಾರೆ.

ಎರಡರಲ್ಲೂ ಮೊದಲಿರುವ ಕೆ ಅಂದರೆ ಒದೆಯುವುದು, ಕೆರಿಯ ಕೆ. ಆಗೆ ಅಂದರೆ ಮೇಲೆತ್ತುವುದು. ಕೋಮಿ ಅಂದರೆ ಒಳಕ್ಕೆ ನುಗ್ಗಿಸುವುದು. ಆದ್ದರಿಂದ ಕೆಆಗೆಯಲ್ಲಿ ಕಾಲು ಕೆಳಗಿನಿಂದ ಮೇಲಕ್ಕೆ ಬಾಗಿ ಹೋಗುತ್ತದೆ, ತಾಗಿದ ತಕ್ಷಣ ಚಟ್ಟನೆ ವಾಪಸ್ ಬರುತ್ತದೆ. ಮೊಣಕಾಲು ಕೀಲಿನ ಹಾಗೆ ಕೆಲಸ ಮಾಡುತ್ತದೆ. ಕೆಕೋಮಿಯಲ್ಲಿ ಮೊಣಕಾಲು ಎದೆ ಕಡೆ ಎಳೆದು, ಸೊಂಟ ತಿರುಗಿಸಿ, ಹಿಮ್ಮಡಿಯನ್ನು ನೇರ ಗೆರೆಯಲ್ಲಿ ಎದುರಾಳಿಯ ಒಳಕ್ಕೆ ತಳ್ಳುತ್ತೇವೆ. ಸೊಂಟದ ಭಾರವೂ ಹಿಂದೆಯೇ ಹೋಗಬೇಕು.

ಎರಡಕ್ಕೂ ಪಾದದ ಹೊರ ಅಂಚು ಬಳಸುತ್ತೇವೆ. ಅದಕ್ಕೆ ಸೊಕುತೊ ಅನ್ನುತ್ತಾರೆ. ಅಕ್ಷರಶಃ ಪಾದದ ಕತ್ತಿ. ಅದಕ್ಕೇ ಕೆಲವು ಕ್ಲಾಸುಗಳಲ್ಲಿ ಯೋಕೊ ಗೆರಿಗೆ ಸೊಕುತೊ ಗೆರಿ ಅನ್ನುತ್ತಾರೆ. ಎರಡೂ ತಪ್ಪಲ್ಲ. ಒಬ್ಬರು ಕಾಲು ಹೋಗುವ ದಿಕ್ಕನ್ನು ಹೇಳಿದರು, ಇನ್ನೊಬ್ಬರು ತಾಗುವ ಭಾಗವನ್ನು ಹೇಳಿದರು. ಯೂಟ್ಯೂಬಿನಲ್ಲಿ ಒಂದೇ ಕಿಕ್ಕಿಗೆ ಎರಡು ಹೆಸರು ಕಾಣಲು ಇದೊಂದು ದೊಡ್ಡ ಕಾರಣ.

ಪರೀಕ್ಷೆಯ ದೃಷ್ಟಿಯಿಂದ ಒಂದು ಮಾತು. ಮಾಎ ಗೆರಿಯಲ್ಲೂ ಕೆಆಗೆ, ಕೆಕೋಮಿ ಎರಡೂ ಇವೆ. ಬರೀ ಮಾಎ ಗೆರಿ ಅಂದರೆ ಸಾಮಾನ್ಯವಾಗಿ ಕೆಆಗೆ.

ಕೊಪ್ಪಳದ_ಅಮ್ಮ:
ಸರ್, ತುಂಬಾ ಉಪಕಾರ. ಈಗಲೇ ಮಗಳಿಗೆ ಓದಿ ಹೇಳಿದೆ. ಅಡುಗೆಮನೆ ಬಾಗಿಲಿಗೆ ಕೆಕೋಮಿ ಮಾಡಲು ಹೊರಟಿದ್ದಾಳೆ.

ತೋರಣಗಲ್ಲು_ಟಿಕೆಡಿ:
ಟೇಕ್ವಾಂಡೊ ಕಡೆಯಿಂದ ನಾನೂ ಸೇರುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಕಡೆ ಕರಾಟೆ, ಟೇಕ್ವಾಂಡೊ, ಕುಂಗ್‌ಫು ಎಲ್ಲ ಒಂದೇ ಬೋರ್ಡಿನಲ್ಲಿ ಬರೆದಿರುತ್ತಾರೆ. ಮಕ್ಕಳು ಎರಡೂ ಭಾಷೆಯ ಹೆಸರು ಕಲಸಿಕೊಂಡು ಬರುತ್ತಾರೆ. ಡೊಲ್ಯೊ ಗೆರಿ ಅಂತ ಹೇಳಿದ ಹುಡುಗನನ್ನು ನೋಡಿದ್ದೇನೆ.

ಟೇಕ್ವಾಂಡೊ ಕೊರಿಯಾದ್ದು. ಅಲ್ಲಿ ಒದೆಗೆ ಚಾಗಿ ಅನ್ನುತ್ತಾರೆ. ಆಪ್ ಚಾಗಿ ಮುಂದಿನದು, ಯೊಪ್ ಚಾಗಿ ಪಕ್ಕದ್ದು, ದ್ವಿ ಚಾಗಿ ಹಿಂದಿನದು, ಡೊಲ್ಯೊ ಚಾಗಿ ತಿರುಗಿಸುವುದು. ನೋಡಿ, ಜೋಡಿಸುವ ರೀತಿ ಒಂದೇ. ದಿಕ್ಕು ಮೊದಲು, ಒದೆ ಕೊನೆಗೆ. ಕನ್ನಡದಲ್ಲೂ ಹೀಗೇ ಅಲ್ವಾ? ಮುಂದೊದೆ, ಹಿಂದೊದೆ ಅಂತ ಹೇಳುತ್ತೇವೆ, ಒದೆಮುಂದೆ ಅನ್ನುವುದಿಲ್ಲ.

ಕೌಲ್‌ಬಜಾರ್_ಹುಡುಗ:
ಹಾಗಾದರೆ ಡೊಲ್ಯೊ ಚಾಗಿ, ಮವಾಶಿ ಗೆರಿ ಒಂದೇ ಕಿಕ್ ತಾನೇ? ಜಗಳ ಯಾಕೆ?

ತೋರಣಗಲ್ಲು_ಟಿಕೆಡಿ:
ಹತ್ತಿರದ ನೆಂಟರು, ಒಂದೇ ಅಲ್ಲ. ಟೇಕ್ವಾಂಡೊ ಸ್ಪರ್ಧೆಯಲ್ಲಿ ಪಾದದ ಮೇಲ್ಮೈಯಿಂದ ಹೊಡೆಯುತ್ತೇವೆ.

ಸಿಂಧನೂರು_ಸೆನ್ಸೈ:
ಕರಾಟೆ ಸ್ಪರ್ಧೆಯಲ್ಲೂ ಈಗ ಮವಾಶಿಗೆ ಪಾದದ ಮೇಲ್ಮೈಯೇ ಜಾಸ್ತಿ. ಅದಕ್ಕೆ ಹೈಸೊಕು ಅನ್ನುತ್ತಾರೆ. ಸಾಂಪ್ರದಾಯಿಕ ಅಭ್ಯಾಸದಲ್ಲಿ ಬೆರಳುಗಳನ್ನು ಹಿಂದಕ್ಕೆ ಮಡಚಿ, ಬೆರಳಿನ ಬುಡದ ಉಬ್ಬು ಭಾಗದಿಂದ ಹೊಡೆಯುವುದನ್ನೂ ಕಲಿಸುತ್ತಾರೆ. ಆ ಭಾಗಕ್ಕೆ ಶೋಟೋಕಾನ್‌ನವರು ಕೋಶಿ ಅನ್ನುತ್ತಾರೆ, ಕ್ಯೋಕುಶಿನ್‌ನವರು ಚೂಸೊಕು ಅನ್ನುತ್ತಾರೆ. ಇಲ್ಲೂ ಶೈಲಿಗೊಂದು ಹೆಸರು.

ಗಂಗಾವತಿ_ಗ್ರೀನ್‌ಬೆಲ್ಟ್:
ಉರಾ ಮವಾಶಿ ಮತ್ತು ಉಶಿರೊ ಮವಾಶಿ ಒಂದೇ ಅಂತ ನಮ್ಮ ಸೀನಿಯರ್ ಹೇಳಿದ. ನನಗೆ ಯಾಕೋ ಅನುಮಾನ.

ಶಕ್ತಿನಗರ_ರವಿವಾರ:
ಅನುಮಾನ ಸರಿಯಾಗಿದೆ. ಉಶಿರೊ ಅಂದರೆ ಹಿಂದೆ, ನಾನು ಬೆನ್ನು ತಿರುಗಿಸುತ್ತೇನೆ. ಉರಾ ಅಂದರೆ ಮಗ್ಗುಲು ಬದಲಾದ ಬದಿ, ಬಟ್ಟೆಯ ಒಳಮೈ ಇದ್ದ ಹಾಗೆ. ಮವಾಶಿ ಗೆರಿ ಹೊರಗಿನಿಂದ ಒಳಗೆ ಸುತ್ತಿ ಬರುತ್ತದೆ. ಉರಾ ಮವಾಶಿ ಅದರ ಉಲ್ಟಾ ದಾರಿ ಹಿಡಿದು, ಹಿಮ್ಮಡಿ ಅಥವಾ ಅಂಗಾಲಿನಿಂದ ಕೊಕ್ಕೆ ಹಾಕಿದಂತೆ ಹೊಡೆಯುತ್ತದೆ. ಬೆನ್ನು ತಿರುಗಿಸದೆ, ಮುಂದಿನ ಕಾಲಿನಲ್ಲೇ ಮಾಡಬಹುದು. ಬೆನ್ನು ತಿರುಗಿಸಿ ಅದನ್ನೇ ಮಾಡಿದರೆ ಉಶಿರೊ ಉರಾ ಮವಾಶಿ ಗೆರಿ. ಹೆಸರು ಉದ್ದವಾದಷ್ಟೂ ಸುಳಿವು ಜಾಸ್ತಿ ಸಿಗುತ್ತದೆ. ಹೆದರಬೇಡ.

ಸಿರುಗುಪ್ಪ_ಸೋನಾ:
ಇಷ್ಟೆಲ್ಲ ಯಾಕೆ? ಕನ್ನಡದಲ್ಲೇ ಹೆಸರಿಟ್ಟರೆ ಮುಗಿಯಿತು. ಮುಂದೊದೆ, ಪಕ್ಕದೊದೆ, ಹಿಂದೊದೆ, ಸುತ್ತೊದೆ. ಮಕ್ಕಳ ತಲೆಗೆ ಜಪಾನಿ ಯಾಕೆ ತುಂಬಬೇಕು?

ಕುಷ್ಟಗಿ_ಅಪ್ಪ:
ನಾನೂ ಇದನ್ನೇ ಕೇಳಬೇಕು ಅಂತಿದ್ದೆ.

ಕೌಲ್‌ಬಜಾರ್_ಹುಡುಗ:
ಆಗುವುದಿಲ್ಲ ಅಣ್ಣ. ಟೂರ್ನಮೆಂಟ್‌ಗೆ ಬೇರೆ ರಾಜ್ಯಕ್ಕೆ ಹೋದಾಗ ರೆಫರಿ ಜಪಾನಿಯಲ್ಲಿ ಹೇಳುತ್ತಾರೆ. ಮಕ್ಕಳು ಬ್ಬೆ ಬ್ಬೆ ಅನ್ನಬೇಕಾ?

ಸಿಂಧನೂರು_ಸೆನ್ಸೈ:
ತಮ್ಮಾ, ಈ ವಾದ ನಿಲ್ಲುವುದಿಲ್ಲ. ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರು ಆಡುವ ಪಂದ್ಯದಲ್ಲಿ, ರೆಫರಿ ಕಿಕ್ಕಿನ ಹೆಸರು ಹೇಳುವುದೇ ಇಲ್ಲ. ಯೂಕೊ, ವಾಜಾ ಅರಿ, ಇಪ್ಪೋನ್ ಅಂತ ಅಂಕ ಹೇಳುತ್ತಾರೆ, ಅಕಾ ಅಥವಾ ಆಓ ಅಂತ ಕೆಂಪು ನೀಲಿ ಹೇಳುತ್ತಾರೆ. ಹಜಿಮೆ ಅಂದರೆ ಶುರು, ಯಾಮೆ ಅಂದರೆ ನಿಲ್ಲಿಸಿ. ಗುದ್ದಿಗೆ ಯೂಕೊ, 1 ಅಂಕ. ಚೂದಾನ್ ಕಿಕ್ಕಿಗೆ ವಾಜಾ ಅರಿ, 2 ಅಂಕ. ಜೋದಾನ್ ಕಿಕ್ಕಿಗೆ ಇಪ್ಪೋನ್, 3 ಅಂಕ. ಅಲ್ಲಿ ಎತ್ತರ ಮುಖ್ಯ. ಮವಾಶಿಯೋ ಉರಾ ಮವಾಶಿಯೋ ಅಂತ ಯಾರೂ ಕೇಳುವುದಿಲ್ಲ.

ಜಪಾನಿ ಹೆಸರು ಬೇಕಾಗುವುದು ಗ್ರೇಡಿಂಗ್‌ನಲ್ಲಿ. ಆಮೇಲೆ ಬೇರೆ ಊರಿಗೆ ಹೋಗಿ ಹೊಸ ಕ್ಲಾಸು ಸೇರಿದಾಗ. ರಾಯಚೂರಿನ ಹುಡುಗಿ ಓದಲು ಮಂಗಳೂರಿಗೆ ಹೋಗುತ್ತಾಳೆ. ಅಲ್ಲಿ ಸುತ್ತೊದೆ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮವಾಶಿ ಗೆರಿ ಅಂದರೆ ಸಾಲಿನಲ್ಲಿ ನಿಂತು ಅವತ್ತೇ ಅಭ್ಯಾಸ ಶುರು ಮಾಡಬಹುದು.

ಹಾಸ್ಟೆಲ್_ಟ್ರೈನರ್_ಅಕ್ಕ:
ನನ್ನದು ಬೇರೆ ಅನುಭವ. ನಾನು ರಾಯಚೂರು ಜಿಲ್ಲೆಯ ಹಾಸ್ಟೆಲ್‌ಗಳಲ್ಲಿ ಹುಡುಗಿಯರಿಗೆ ಆತ್ಮರಕ್ಷಣೆ ಹೇಳಿಕೊಡುತ್ತೇನೆ. ಅವರಿಗೆ ಬೆಲ್ಟೂ ಇಲ್ಲ, ಗ್ರೇಡಿಂಗೂ ಇಲ್ಲ. ಸಿಗುವುದು ಸ್ವಲ್ಪ ದಿನ. ಆ ಸಮಯದಲ್ಲಿ ಜೋದಾನ್ ಮವಾಶಿ ಕಲಿಸುತ್ತಾ ಕೂತರೆ ಅವರಿಗೆ ಅನ್ಯಾಯ ಮಾಡಿದಂತೆ. ಚೂಡಿದಾರ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ತಲೆಯೆತ್ತರಕ್ಕೆ ಕಾಲೆತ್ತಲು ಆಗುತ್ತದಾ?

ನಾನು ಕಲಿಸುವುದು ಹಿಜಾ ಗೆರಿ, ಅಂದರೆ ಮೊಣಕಾಲಿನ ಏಟು. ಫುಮಿಕೋಮಿ, ಅಂದರೆ ತುಳಿತ. ಕಿನ್ ಗೆರಿ, ಅಂದರೆ ತೊಡೆಸಂದಿಗೆ ಒದೆ. ಮತ್ತೆ ಕೆಳಮಟ್ಟದ ಮಾಎ ಗೆರಿ. ಕನ್ನಡದಲ್ಲೇ ಕೂಗಿಸುತ್ತೇನೆ. ಮೊಣಕಾಲು! ತುಳಿ! ಒದಿ! ಹುಡುಗಿಯರು ಜೋರಾಗಿ ಕೂಗುವುದೇ ಅರ್ಧ ಪಾಠ. ಗೊತ್ತಿಲ್ಲದ ಭಾಷೆಯಲ್ಲಿ ಆ ಜೋರು ಬರುವುದಿಲ್ಲ.

ಮಾನ್ವಿ_ಮೇಷ್ಟ್ರು:
ಮೇಡಂ, ನಿಮ್ಮ ಮಾತು ನೂರಕ್ಕೆ ನೂರು ಒಪ್ಪುವೆ.

ಕಂದುಬೆಲ್ಟ್_ಬಳ್ಳಾರಿ:
ಅಕ್ಕ, ಅಭ್ಯಾಸದ ಗುರಿ ಬೇರೆ ಆದಾಗ ಭಾಷೆಯೂ ಬೇರೆ ಆಗಲಿ, ಅದು ಸರಿ. ಆದರೆ ಕ್ರಮವಾಗಿ ಕಲಿಯುವ ಮಕ್ಕಳಿಗೆ ಎರಡೂ ಕೊಡೋಣ. ಮೊದಲು ಮಾಎ ಗೆರಿ ಅಂತ ಕೂಗಿ, ತಕ್ಷಣ ಮುಂದೊದೆ ಅಂತ ಹೇಳಿದರೆ ವಾರದಲ್ಲಿ ಅಂಟಿಕೊಳ್ಳುತ್ತದೆ. ಅರ್ಥ ಗೊತ್ತಿಲ್ಲದ ಹೆಸರನ್ನು ಕೂಗಿಸಿ, ತಪ್ಪಿದಾಗ ಬೈಯುವುದು ಮಾತ್ರ ನಿಲ್ಲಬೇಕು. ನನಗೆ ಸಿಟ್ಟು ಬರುವುದೇ ಅಲ್ಲಿ.

ಸಿರುಗುಪ್ಪ_ಸೋನಾ:
ಎರಡೂ ಹೇಳಿಕೊಡುವುದಾದರೆ ನನ್ನ ತಕರಾರಿಲ್ಲ. ಕನ್ನಡ ಇರಬೇಕು ಅಷ್ಟೇ.

ಕೊಪ್ಪಳದ_ಅಮ್ಮ:
ಮಿಕಾಜುಕಿ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ದಿಕ್ಕಿನ ಪದವೇ ಕಾಣುತ್ತಿಲ್ಲ.

ಶಕ್ತಿನಗರ_ರವಿವಾರ:
ಅದು ಈ ಪಟ್ಟಿಯಲ್ಲೇ ಚೆಂದದ ಹೆಸರು ಮೇಡಂ. ಮಿ ಅಂದರೆ ಮೂರು, ಕಾ ಅಂದರೆ ದಿನ, ಜುಕಿ ಅಂದರೆ ಚಂದ್ರ. ಮೂರನೇ ದಿನದ ಚಂದ್ರ, ಅಂದರೆ ತದಿಗೆ ಚಂದ್ರ. ಯುಗಾದಿ ಮರುದಿನ ಮಾಳಿಗೆ ಹತ್ತಿ ಬಿದಿಗೆ ಚಂದ್ರನನ್ನು ನೋಡುತ್ತೇವಲ್ಲ, ಅದರ ಮಾರನೇ ದಿನದ್ದು. ಕಾಲು ಹೊರಗಿನಿಂದ ಒಳಗೆ ಬಾಗಿದ ಗೆರೆಯಲ್ಲಿ ಬರುತ್ತದೆ. ಆ ಬಾಗಿಗೇ ಈ ಹೆಸರು. ಅಂಗಾಲಿನಿಂದ ತಾಗಿಸುತ್ತೇವೆ. ಶೋಟೋಕಾನ್‌ನಲ್ಲಿ ಹೆಇಆನ್ ಗೋದಾನ್ ಕಟಾದಲ್ಲಿ ಮುಂದೆ ಚಾಚಿದ ಸ್ವಂತ ಅಂಗೈಗೇ ಹೊಡೆಯುವುದು ಇದೇ.

ಗಮನಿಸಿ, ಇಲ್ಲೂ ತ್ಸುಕಿ ಹೋಗಿ ಜುಕಿ ಆಗಿದೆ. ಆದರೆ ಗುದ್ದಿನ ತ್ಸುಕಿ ಬೇರೆ, ಚಂದ್ರನ ತ್ಸುಕಿ ಬೇರೆ.

ತೋರಣಗಲ್ಲು_ಟಿಕೆಡಿ:
ನಮ್ಮಲ್ಲೂ ಚಂದ್ರ ಇದ್ದಾನೆ! ಬಂದಾಲ್ ಚಾಗಿ, ಅರ್ಧಚಂದ್ರದ ಒದೆ. ಆದರೆ ಅದು ನೀವು ಹೇಳಿದ ಕಿಕ್ ಅಲ್ಲ. ಮುಂದಿನ ಒದೆಗೂ ತಿರುಗಿಸುವ ಒದೆಗೂ ನಡುವೆ, ಓರೆಯಾಗಿ ಹೋಗುತ್ತದೆ.

ಸಿಂಧನೂರು_ಸೆನ್ಸೈ:
ಇನ್ನೂ ಒಂದು ತಮಾಷೆ ಕೇಳಿ. ಕ್ಯೋಕುಶಿನ್‌ನಂಥ ಪೂರ್ತಿ ಏಟು ಕೊಡುವ ಕರಾಟೆಯಲ್ಲಿ ಮಿಕಾಜುಕಿ ಗೆರಿ ಅಂದರೆ ಇದೇ ಓರೆ ಕಿಕ್. ಬೆರಳಿನ ಬುಡದಿಂದ ಎದುರಾಳಿಯ ಬಲಪಕ್ಕೆಯ ಕೆಳಗೆ, ಯಕೃತ್ತಿಗೆ ತಾಗುವಂತೆ ಒದೆಯುತ್ತಾರೆ. ಬಿದ್ದವರು ಬೇಗ ಏಳುವುದಿಲ್ಲ. ಶೋಟೋಕಾನ್ ಹುಡುಗ, ಕ್ಯೋಕುಶಿನ್ ಹುಡುಗ ಒಂದೇ ಹೆಸರು ಹೇಳಿ ಎರಡು ಬೇರೆ ಕಿಕ್ ಮಾಡಿ ತೋರಿಸುತ್ತಾರೆ. ಅದಕ್ಕೇ ಯಾವ ಶೈಲಿ ಅಂತ ಮೊದಲು ಕೇಳಿಕೊಳ್ಳಿ. ಮಗಳ ಕ್ಲಾಸಿನ ಸರ್ಟಿಫಿಕೇಟಿನಲ್ಲಿ ಶೋಟೋಕಾನ್, ಶಿತೋ ರ್ಯು, ಗೋಜು ರ್ಯು, ವಾದೋ ರ್ಯು ಇವುಗಳಲ್ಲಿ ಯಾವುದಿದೆ ನೋಡಿ.

ಕೊಪ್ಪಳದ_ಅಮ್ಮ:
ಶೋಟೋಕಾನ್ ಅಂತಲೇ ಇದೆ ಸರ್.

ಕೌಲ್‌ಬಜಾರ್_ಹುಡುಗ:
ಹಾಗಾದರೆ ಶೈಲಿಗಳಲ್ಲಿ ಇಷ್ಟು ವ್ಯತ್ಯಾಸ ಹೇಗೆ ಬಂತು? ಎಲ್ಲ ಜಪಾನಿನದ್ದೇ ಅಲ್ವಾ?

ಸಿಂಧನೂರು_ಸೆನ್ಸೈ:
ಮೂಲ ಒಕಿನಾವಾ ದ್ವೀಪ. ಅಲ್ಲಿಂದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊಗೆ ಹೋಗಿ ಪ್ರದರ್ಶನ ಕೊಟ್ಟರು, ಅಲ್ಲೇ ಉಳಿದರು. ಶೋಟೋಕಾನ್ ಅವರ ಪರಂಪರೆ. ಶಿತೋ ರ್ಯು ಕೆನ್ವಾ ಮಾಬುನಿ ಅವರದು, ಗೋಜು ರ್ಯು ಚೋಜುನ್ ಮಿಯಾಗಿ ಅವರದು, ವಾದೋ ರ್ಯು ಹಿರೋನೋರಿ ಓತ್ಸುಕಾ ಅವರದು. ಒಕಿನಾವಾದ ಹಳೆಯ ಕಟಾಗಳಲ್ಲಿ ಹೆಚ್ಚಾಗಿ ಇರುವುದು ಕೆಳಮಟ್ಟದ, ಮುಂದಿನ ಕಿಕ್. ಎತ್ತರದ ಕಿಕ್‌ಗಳು ಬೆಳೆದದ್ದು ಆಮೇಲೆ. ಶೋಟೋಕಾನ್‌ನಲ್ಲಿ ಯೋಕೊ ಗೆರಿ, ಮವಾಶಿ ಗೆರಿಗಳು ಬೆಳೆಯಲು ಫುನಾಕೋಶಿ ಅವರ ಮಗ ಯೋಶಿತಾಕಾ ಕಾರಣ ಅಂತ ಹೇಳುತ್ತಾರೆ.

ಇದರ ಗುರುತು ಈಗಲೂ ಕಟಾದಲ್ಲಿ ಸಿಗುತ್ತದೆ. ಶೋಟೋಕಾನ್‌ನ ಹೆಇಆನ್ ಯೋದಾನ್‌ನಲ್ಲಿ ಪಕ್ಕಕ್ಕೆ ಯೋಕೊ ಗೆರಿ ಕೆಆಗೆ ಬರುತ್ತದೆ. ಅದೇ ಕಟಾವನ್ನು ಶಿತೋ ರ್ಯು, ವಾದೋ ರ್ಯುನವರು ಪಿನಾನ್ ಯೋದಾನ್ ಅನ್ನುತ್ತಾರೆ, ಅದೇ ಜಾಗದಲ್ಲಿ ಮಾಎ ಗೆರಿ ಮಾಡುತ್ತಾರೆ. ಪಿನಾನ್ ಅನ್ನುವ ಹೆಸರನ್ನು ಹೆಇಆನ್ ಅಂತ ಬದಲಿಸಿದ್ದು ಫುನಾಕೋಶಿ.

ಗಂಗಾವತಿ_ಗ್ರೀನ್‌ಬೆಲ್ಟ್:
ಅಂದಹಾಗೆ ಹೆಇಆನ್ ಶೋದಾನ್‌ನಲ್ಲಿ ಯಾವ ಕಿಕ್ ಇದೆ ಅಂತ ಗ್ರೇಡಿಂಗ್‌ನಲ್ಲಿ ಕೇಳುತ್ತಾರೆ. ಒಂದೂ ಇಲ್ಲ! ಮಕ್ಕಳು ಗಾಬರಿಯಾಗಿ ಮಾಎ ಗೆರಿ ಅಂದುಬಿಡುತ್ತಾರೆ. ಮಗಳಿಗೆ ಹೇಳಿಡಿ ಆಂಟಿ.

ಬಿಸಿಲೂರು_ರಾಯಚೂರು:
ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಮವಾಶಿ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಮಗಳಿಗೆ ಮವಾಶಿ ಅಭ್ಯಾಸ ಮಾಡಿದ ದಿನ ಮೊಣಕಾಲು ನೋವು. ಒದೆಯುವ ಕಾಲಲ್ಲ, ನಿಂತ ಕಾಲು. ಯಾಕಿರಬಹುದು?

ಹಾಸ್ಟೆಲ್_ಟ್ರೈನರ್_ಅಕ್ಕ:
ನಿಂತ ಪಾದ ತಿರುಗುತ್ತಿದೆಯಾ ನೋಡಿ. ಮವಾಶಿಯಲ್ಲಿ ಸೊಂಟ ತಿರುಗುವಾಗ ನಿಂತ ಪಾದವೂ ಬೆರಳ ಬುಡದ ಮೇಲೆ ತಿರುಗಬೇಕು, ಹಿಮ್ಮಡಿ ಎದುರಾಳಿಯ ಕಡೆ ಬರಬೇಕು. ಪಾದ ಅಲ್ಲೇ ಅಂಟಿಕೊಂಡು ಸೊಂಟ ಮಾತ್ರ ತಿರುಗಿದರೆ ತಿರುಚು ಪೂರ್ತಿ ಮೊಣಕಾಲಿಗೆ ಬೀಳುತ್ತದೆ. ನೆಲ ಎಂಥದ್ದು?

ಬಿಸಿಲೂರು_ರಾಯಚೂರು:
ತಾರಸಿ ಮೇಲೆ ಮಾಡಿಸುತ್ತಾರೆ. ಒರಟು ಸಿಮೆಂಟು. ಬರಿಗಾಲು.

ಹಾಸ್ಟೆಲ್_ಟ್ರೈನರ್_ಅಕ್ಕ:
ಅಲ್ಲೇ ಇದೆ ಕಾರಣ. ಒರಟು ಸಿಮೆಂಟಿನಲ್ಲಿ ಪಾದ ತಿರುಗುವುದಿಲ್ಲ, ಚರ್ಮ ಕಿತ್ತು ಬರುತ್ತದೆ. ಮಕ್ಕಳು ನೋವಿಗೆ ಹೆದರಿ ತಿರುಗಿಸುವುದನ್ನೇ ಬಿಡುತ್ತಾರೆ. ಶಹಾಬಾದ್ ಕಲ್ಲಿನ ನುಣುಪು ನೆಲ ಇದ್ದರೆ ತಿರುಗುತ್ತದೆ, ಆದರೆ ಬೆವರು ಬಿದ್ದರೆ ಜಾರುತ್ತದೆ. ಮ್ಯಾಟ್ ಹಾಕಿಸಿ ಅಂತ ಪೋಷಕರೆಲ್ಲ ಸೇರಿ ಕೇಳಿ. ನೋವು ಕಡಿಮೆ ಆಗುವವರೆಗೆ ಮವಾಶಿ ನಿಲ್ಲಿಸಿ, ಡಾಕ್ಟರಿಗೂ ತೋರಿಸಿ. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಸಂಜೆ ಐದಕ್ಕೂ ತಾರಸಿ ಕಾದಿರುತ್ತದೆ. ಬೆಳಗ್ಗೆ ಆರಕ್ಕೆ ಮಾಡಿಸಲು ಹೇಳಿ.

ಕೌಲ್‌ಬಜಾರ್_ಹುಡುಗ:
ನಾವು ಬೆಳಗ್ಗೆ ಮುನ್ಸಿಪಲ್ ಮೈದಾನದಲ್ಲೇ ಮಾಡುತ್ತೇವೆ. ಮಣ್ಣಿನಲ್ಲಿ ಪಾದ ಆರಾಮಾಗಿ ತಿರುಗುತ್ತದೆ. ಕಲ್ಲು ಆರಿಸಿಕೊಳ್ಳಬೇಕು ಅಷ್ಟೇ.

ಕುಷ್ಟಗಿ_ಅಪ್ಪ:
ಜೋದಾನ್ ಕಿಕ್ಕಿಗೆ 3 ಅಂಕ ಅಂದಿರಿ. ಹಾಗಾದರೆ ತಲೆಗೆ ಜೋರಾಗಿ ಒದ್ದರೆ ಗೆದ್ದ ಹಾಗೇನಾ? ಮಕ್ಕಳನ್ನು ಕಳಿಸಲು ಭಯವಾಗುತ್ತದೆ.

ಸಿಂಧನೂರು_ಸೆನ್ಸೈ:
ಇಲ್ಲ ಅಣ್ಣ, ಹಿಡಿತ ತಪ್ಪಿ ಒದ್ದರೆ ಸೋಲು. ದೊಡ್ಡ ಸಾಕ್ಷಿ ಇದೆ. ಟೋಕಿಯೊ ಒಲಿಂಪಿಕ್ಸ್, 2021ರ ಆಗಸ್ಟ್ 7, 75 ಕೆಜಿಗಿಂತ ಮೇಲಿನ ಪುರುಷರ ಫೈನಲ್. ಸೌದಿಯ ತಾರಿಗ್ ಹಮೀದಿ 4-1ರಿಂದ ಮುಂದಿದ್ದರು. ಆಗ ಇರಾನಿನ ಸಜ್ಜಾದ್ ಗಂಜ್‌ಜಾದೆ ಅವರಿಗೆ ತಲೆಯ ಮಟ್ಟಕ್ಕೆ ಒದ್ದರು. ಅವರು ಪ್ರಜ್ಞೆ ತಪ್ಪಿ ಬಿದ್ದರು, ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಹಮೀದಿಯನ್ನು ಅನರ್ಹ ಮಾಡಿದರು. ಚಿನ್ನ ಹೋಗಿದ್ದು ಬಿದ್ದವರಿಗೆ. ಮಕ್ಕಳ ವಿಭಾಗದಲ್ಲಿ ನಿಯಮ ಇನ್ನೂ ಬಿಗಿ. ಗೆದಾನ್ ಕಿಕ್ಕಿಗೆ ಅಂಕವೇ ಇಲ್ಲ. ತೊಡೆಸಂದಿಗೆ, ಕೀಲಿಗೆ ಒದೆಯುವುದು ನಿಷೇಧ.

ತೋರಣಗಲ್ಲು_ಟಿಕೆಡಿ:
ಆ ಒಲಿಂಪಿಕ್ಸ್ ಆದಮೇಲೆ ಕರಾಟೆಯನ್ನು ಪ್ಯಾರಿಸ್ 2024ರಲ್ಲಿ ಇಡಲೇ ಇಲ್ಲ. ಅದಕ್ಕೆ ಟೇಕ್ವಾಂಡೊಗೆ ಬನ್ನಿ ಅನ್ನುವುದು!

ಕಂದುಬೆಲ್ಟ್_ಬಳ್ಳಾರಿ:
ಏಷ್ಯನ್ ಗೇಮ್ಸ್‌ನಲ್ಲಿ 1994ರಿಂದ ಇದೆ ಅಣ್ಣ. ಅಷ್ಟು ಬೇಗ ನಮ್ಮನ್ನು ಮುಗಿಸಬೇಡಿ.

ಗಂಗಾವತಿ_ಗ್ರೀನ್‌ಬೆಲ್ಟ್:
ಕೀಲಿಗೆ ಒದೆಯುವುದು ನಿಷೇಧ ಅಂದಿರಿ. ಅದಕ್ಕೂ ಹೆಸರಿದೆಯಾ ಸರ್?

ಸಿಂಧನೂರು_ಸೆನ್ಸೈ:
ಇದೆ. ಕಾನ್ಸೆತ್ಸು ಗೆರಿ. ಕಾನ್ಸೆತ್ಸು ಅಂದರೆ ಕೀಲು. ಪಾದದ ಅಂಚಿನಿಂದ ಎದುರಾಳಿಯ ಮೊಣಕಾಲಿಗೆ ಓರೆಯಾಗಿ ಕೆಳಮುಖ ತಳ್ಳುವುದು. ಗೋಜು ರ್ಯುನ ಸಾನ್‌ಸೇರು ಕಟಾದಲ್ಲಿ ಇದೆ. ಇದರ ಹೆಸರಿನಲ್ಲಿ ದಿಕ್ಕೂ ಇಲ್ಲ, ತಾಗಿಸುವ ಭಾಗವೂ ಇಲ್ಲ. ಎಲ್ಲಿಗೆ ಒದೆಯಬೇಕು ಅನ್ನುವುದೇ ಹೆಸರಾಗಿದೆ. ಕಿನ್ ಗೆರಿಯೂ ಹಾಗೇ. ಜೊತೆಗಾರರ ಮೇಲೆ ಪ್ರಯತ್ನಿಸಬೇಡ, ಗಾಳಿಯಲ್ಲಿ ಮಾತ್ರ ಮಾಡು.

ಕೌಲ್‌ಬಜಾರ್_ಹುಡುಗ:
ಕಕಾತೊ ಗೆರಿ ಮತ್ತು ಕಕಾತೊ ಓತೋಶಿ ಬಗ್ಗೆ ನಮ್ಮ ಮೈದಾನದಲ್ಲಿ ದಿನಾ ಜಗಳ. ಕಾಲನ್ನು ಮೇಲೆತ್ತಿ ಹಿಮ್ಮಡಿಯಿಂದ ಕೆಳಗೆ ಕೊಡಲಿಯಂತೆ ಬೀಳಿಸುವ ಕಿಕ್ಕಿಗೆ ಯಾವ ಹೆಸರು ಸರಿ?

ಶಕ್ತಿನಗರ_ರವಿವಾರ:
ಕಕಾತೊ ಅಂದರೆ ಹಿಮ್ಮಡಿ, ಓತೋಶಿ ಅಂದರೆ ಬೀಳಿಸುವುದು. ಆದ್ದರಿಂದ ಕಕಾತೊ ಓತೋಶಿ ಜಾಸ್ತಿ ಸ್ಪಷ್ಟ. ಕಕಾತೊ ಗೆರಿ ಅಂದರೆ ಹಿಮ್ಮಡಿಯಿಂದ ಒದೆ ಅಂತಷ್ಟೇ ಆಗುತ್ತದೆ.

ಕಂದುಬೆಲ್ಟ್_ಬಳ್ಳಾರಿ:
ನಾನು ಒಪ್ಪುವುದಿಲ್ಲ. ಕಕಾತೊ ಗೆರಿ ಅಂದರೂ ಎಲ್ಲರೂ ಅದನ್ನೇ ಮಾಡುತ್ತಾರೆ. ಬಳಕೆಯಲ್ಲಿ ನಿಂತ ಹೆಸರೂ ಹೆಸರೇ.

ತೋರಣಗಲ್ಲು_ಟಿಕೆಡಿ:
ನಮ್ಮಲ್ಲಿ ನೆರ್ಯೊ ಚಾಗಿ. ಕೆಳಗಿಳಿಸುವ ಒದೆ. ಜಗಳವೇ ಇಲ್ಲ.

ಕೊಪ್ಪಳದ_ಅಮ್ಮ:
ಹಾಳೆಯ ಹಿಂದಿನ ಪುಟದಲ್ಲಿ ಬ್ಲಾಕ್‌ಗಳ ಹೆಸರಿವೆ. ಆಗೆ ಉಕೆ, ಸೊತೊ ಉಕೆ, ಉಚಿ ಉಕೆ, ಗೆದಾನ್ ಬರಾಯ್. ಆಗೆ ಮತ್ತು ಗೆದಾನ್ ನಾನೇ ಬಿಡಿಸಿದೆ. ಉಕೆ ಅಂದರೆ ತಡೆಯುವುದು ಇರಬೇಕು, ಮೊದಲ ಮೂರರ ಕೊನೆಗೂ ಅದೇ ಇದೆ. ಸೊತೊ, ಉಚಿ ಉಳಿದಿವೆ.

ಕಂದುಬೆಲ್ಟ್_ಬಳ್ಳಾರಿ:
ಸೊತೊ ಅಂದರೆ ಹೊರಗೆ, ಉಚಿ ಅಂದರೆ ಒಳಗೆ ಅಕ್ಕ. ಶೋಟೋಕಾನ್‌ನಲ್ಲಿ ಸೊತೊ ಉಕೆ ಹೊರಗಿನಿಂದ ಒಳಕ್ಕೆ ಬರುತ್ತದೆ, ಉಚಿ ಉಕೆ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಬೇರೆ ಕೆಲವು ಶೈಲಿಗಳಲ್ಲಿ ಇವೆರಡೂ ಅದಲುಬದಲು. ಅದಕ್ಕೆ ಹೊಸ ಚರ್ಚೆ ಶುರು ಮಾಡಿ, ಇಲ್ಲಿ ಬರೆದರೆ ಮೇಷ್ಟ್ರು ಮತ್ತೆ ಸಂಧಿ ತರುತ್ತಾರೆ.

ಮಾನ್ವಿ_ಮೇಷ್ಟ್ರು:
ತರುತ್ತೇನೆ. ಗೆದಾನ್ ಬರಾಯ್‌ನಲ್ಲಿ ಹ ಹೋಗಿ ಬ ಬಂದಿದೆಯಲ್ಲ, ಹಳಗನ್ನಡದ ಪ ನಡುಗನ್ನಡದಲ್ಲಿ ಹ ಆದ ಕಥೆ ಅಲ್ಲಿ ಬರೆಯುತ್ತೇನೆ. ಪಾಲು ಹಾಲಾಯಿತು, ಆದರೂ ಕಂಬನಿಯಲ್ಲಿ ಬ ಉಳಿದುಕೊಂಡಿತು. ಜಪಾನಿಯ ಹ ಕೂಡ ಹಿಂದೆ ಪ ಆಗಿತ್ತು ಅನ್ನುತ್ತಾರೆ ಭಾಷಾ ವಿದ್ವಾಂಸರು. ಲಿಂಕ್ ಹಾಕಿ, ಬರುತ್ತೇನೆ.